ಬೆರಳ ಮೇಲಿನ ಬಂದೂಕು

ನಮ್ಮ ಸಣ್ಣಮಾವನವರು ಬೆರಳ ಮೇಲೆ ತೂಗದೆ ಬಿಟ್ಟ ವಸ್ತು ಯಂಕಂಚಿಯಲ್ಲಿ ಒಂದೂ ಇರಲಿಲ್ಲ! ಮಕ್ಕಳೇ, ಅವರು ನಿಮ್ಮ ಮುತ್ಯಾನ, ಅಂದರೆ ನನ್ನ ಯಜಮಾನರ, ಕಾಕಾ. ಸೌಟು, ಕುಡುಗೋಲು, ಕೊಡೆ, ಏನು ಸಿಕ್ಕರೂ ತೋರುಬೆರಳ ಮೇಲೆ ಅಡ್ಡ ಇಟ್ಟು, ಅದು ಸಮ ನಿಲ್ಲುವ ಜಾಗ ಹುಡುಕುವರು. ಕನ್ಯೆ ನೋಡಲು ಬಂದಾಗ ನನ್ನ ಮುಖ ನೋಡಲೇ ಇಲ್ಲ. ನಮ್ಮವ್ವನ ಲಟ್ಟಣಿಗೆ ತೂಗಿ, "ಛಲೋ ಮನಿ ಐತಿ, ಹುಡುಗೀನ ತರೂಣು" ಅಂದರು!

ಅವರ ಜೀವವೆಲ್ಲ ಒಂದು ಬಂದೂಕಿನಲ್ಲಿತ್ತು. ಒಂದೇ ಹಿಡಿಕೆ, ಸಿಕ್ಕಿಸಿ ಬಿಚ್ಚುವ ಎರಡು ಬಗೆಯ ನಳಿಗೆ: ಹನ್ನೆರಡು ನಂಬರಿನದು ದಪ್ಪ, ಇಪ್ಪತ್ತರದು ಸಣ್ಣ. ಅಂಕಿ ಹೆಚ್ಚಾದರೆ ತೂತು ಕಿರಿದು! ಇದ್ಯಾವ ಲೆಕ್ಕವೋ! ನಳಿಗೆ ಬದಲಾದರೆ ತೂಕವೂ ಸರಿಯುತ್ತದೆ. ಅದಕ್ಕೇ ಒಂದೊಂದಕ್ಕೂ ಸಮ ನಿಲ್ಲುವ ಜಾಗದಲ್ಲಿ ಕುಂಕುಮದ ಗೀರು ಎಳೆದಿದ್ದರು. ಅವರು ತೂಗುವಾಗ ನಾವೆಲ್ಲ ಗೋಡೆಗೆ ಒತ್ತಿ ನಿಲ್ಲುತ್ತಿದ್ದೆವು. ಗಾಳಿಯಿಲ್ಲದ ಪಡಸಾಲೆಯಲ್ಲೂ ನಳಿಗೆ ಮೆಲ್ಲಗೆ ತಿರುಗಿ ಯಾರನ್ನೋ ಹುಡುಕುತ್ತಿತ್ತು.

"ಖಾಲಿ ಐತಿ, ಯಾಕ ಅಂಜತೀ ಯವ್ವಾ?"

"ಖಾಲಿ ಇದ್ರ ನನ್ನ ಯಾಕ ನೋಡಾಕತ್ತೈತ್ರಿ?" ಅಂದು ಪಕ್ಕದ ಮನೆಯ ಮುದುಕಿ ಓಡಿಯೇ ಹೋಗಿದ್ದಳು!

ಎಪ್ಪತ್ತಮೂರನೇ ಇಸವಿಯೋ ನಾಲ್ಕೋ ಇರಬೇಕು. ಶೇಂಗಾ ಹೊಲಕ್ಕೆ ಹಂದಿ ಬಿದ್ದಿದ್ದವು. ದೀಪ ಹಚ್ಚುವ ಹೊತ್ತು. ನಿಮ್ಮ ಮುತ್ಯಾ ದಪ್ಪ ನಳಿಗೆ ಸಿಕ್ಕಿಸಿ ಅವಸರದಲ್ಲಿ ಕಾಡತೂಸು ಹಾಕಿದರು. ಮತ್ತೆ ನೋಡಿದರೆ ಖಾಲಿ! "ಹಾಕಿದ್ನೋ ಇಲ್ಲೋ?" ಎಂದು ಇನ್ನೊಂದು ಹಾಕಲು ಹೊರಟಾಗ, ಸಣ್ಣಮಾವ ಬಂದೂಕು ಕಸಿದುಕೊಂಡು ಮುಚ್ಚಿ ಬೆರಳ ಮೇಲಿಟ್ಟರು. ಸರಿಯಾಗಿ ಗೀರಿನ ಮೇಲೆಯೇ. ತುದಿ ಬಾಗಿತು. ಮತ್ತೆ ಇಟ್ಟರು. ಮತ್ತೆ ಬಾಗಿತು.

"ಮುಂದ ಯಾರೋ ಕುಂತಾರ."

"ಕಾಕಾ, ಹಂದಿ ಹೊಟ್ಟಿ ತುಂಬಾ ಉಂಡು ಹೋಗ್ತಾವ, ಕೊಡ್ರಿ!"

"ಉಣ್ಣಲಿ. ಮೊದಲ ಇವರು ಇಳೀಲಿ."

ಬಂದೂಕು ಬಿಚ್ಚಿ, ತುದಿಯಿಂದ ಕೋಲು ತೂರಿಸಿ ಒತ್ತಿದರು. ಟಪ್ಪನೆ ಬಿದ್ದದ್ದು ಇಪ್ಪತ್ತರ ಕಾಡತೂಸು! ದಪ್ಪ ನಳಿಗೆಯಲ್ಲಿ ಜಾರಿ, ಕಾಣದಂತೆ ಒಳಗೆ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಹಾಕಿ ಹೊಡೆದಿದ್ದರೆ ಬಂದೂಕು ನಿಮ್ಮ ಮುತ್ಯಾನ ಕೈಯಲ್ಲೇ ಸಿಡಿಯುತ್ತಿತ್ತು.

ಆದರೆ ಹೆಬ್ಬೆರಳಿನಷ್ಟು ಕಾಡತೂಸಿಗೆ ಅಷ್ಟು ದೊಡ್ಡ ಬಂದೂಕು ಹಾಗೆ ಬಾಗೀತೇ? ಸಣ್ಣಮಾವ ನಳಿಗೆಯ ತುದಿಯ ಕಡೆ, ಯಾರೂ ಇಲ್ಲದ ಕತ್ತಲೆಗೆ ಕೈಮುಗಿದರು.

"ವೈನಿ, ನಿಮ್ಮ ಹುಡುಗ ಉಳದಾನ. ಇನ್ನ ಕೈ ಬಿಡ್ರಿ."

ಅವರ ವೈನಿ, ಅಣ್ಣನ ಹೆಂಡತಿ, ಅಂದರೆ ನಿಮ್ಮ ಮುತ್ಯಾನ ತಾಯಿ. ಹೆರಿಗೆಯಲ್ಲೇ ತೀರಿಕೊಂಡಿದ್ದರು. ಕೂಸನ್ನು ಎತ್ತಿ ಸಾಕಿದವರು ಈ ಕಾಕಾನೇ.

ಮುಗಿದ ಕೈ ಬಿಡುತ್ತಲೇ ಸಣ್ಣಮಾವ ಒಂದು ಪಕ್ಕಕ್ಕೆ ವಾಲಿದರು. ಸೊಸೆಯಾಗಿ ಬಂದ ಮೇಲೆ ಅವರೆದುರು ನಾನು ಬಾಯಿ ತೆರೆದವಳಲ್ಲ. ಸೆರಗು ಜಾರಿದ್ದೂ ತಿಳಿಯದೆ ಓಡಿ ಹೋಗಿ ತೋಳು ಹಿಡಿದೆ.

"ಮಾವಾರ, ನನ್ನ ಮ್ಯಾಲೆ ಭಾರ ಹಾಕ್ರಿ," ಅಂದೆ.