ಯಾರೂ ಇಲ್ಲದ ಕೋಣೆಯಲ್ಲಿ ಪ್ರಶ್ನೆ ಕೇಳಿದವರಿಗೆ

ಕಂಪ್ಯೂಟರಿನ ಒಳಕೋಣೆಯಲ್ಲಿ ಆಸೀನರಾಗಿರುವ, ಆಜ್ಞಾಪಾಲನೆಯಲ್ಲಿ ಸಾಟಿಯಿಲ್ಲದ ಶ್ರೀಮಾನ್ ಶೆಲ್ ಅವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ತಮಗೆ ನೆಗಡಿಯಾಗುವುದಿಲ್ಲ, ಗಂಟಲು ಕಟ್ಟುವುದಿಲ್ಲ, ಊಟದ ಹೊತ್ತು ಮೀರಿದರೆ ತಲೆ ನೋಯುವುದಿಲ್ಲ ಎಂಬುದನ್ನು ಬಲ್ಲೆನಾದರೂ ಪತ್ರಕ್ಕೆ ಅದರದೇ ಆದ ಮರ್ಯಾದೆಯಿದೆಯಲ್ಲ, ಅದಕ್ಕಾಗಿ ಕೇಳಿದೆ. ನಾನು ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸುವ ಸಣ್ಣ ಸ್ಟುಡಿಯೋ ಒಂದರ ಓದುಗಿತ್ತಿ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ, ಫ್ಯಾನು ಹಾಕಿದರೆ ಸದ್ದು, ಹಾಕದಿದ್ದರೆ ಸೆಕೆ ಎಂಬಂಥ ಕೋಣೆಯಲ್ಲಿ ಕುಳಿತು, ಬಳೆ ಬಿಚ್ಚಿಟ್ಟು, ಹೊಟ್ಟೆ ಗುರುಗುಟ್ಟದಂತೆ ನೋಡಿಕೊಂಡು ಓದುವುದು ನನ್ನ ಕೆಲಸ.

ತಮ್ಮ ಪರಿಚಯ ನನಗಾದದ್ದು ಇತ್ತೀಚೆಗೆ, ಅದೂ ತಮ್ಮ ಮೇಲೆ ದೂರು ಕೊಡಬೇಕಾಗಿ ಬಂದ ಮೇಲೆ. ನಮ್ಮ ಸ್ಟುಡಿಯೋದ ಪ್ರೋಗ್ರಾಮು ಬರೆದುಕೊಟ್ಟವನು ನನ್ನ ಮೈದುನ, ಅದೂ ಪುಕ್ಕಟೆಯಾಗಿ. ಪುಕ್ಕಟೆ ಕೆಲಸ ಮಾಡಿಕೊಟ್ಟ ಮೈದುನನನ್ನು ಬೈಯುವ ಅಧಿಕಾರ ಯಾವ ಅತ್ತಿಗೆಗೂ ಇಲ್ಲ. ಬೈದರೆ ಯಜಮಾನರ ಮುಖ ಊದಿಕೊಳ್ಳುತ್ತದೆ. ಅತ್ತೆಯವರು ನನ್ನೊಡನೆ ಮಾತು ಬಿಡುವುದಿಲ್ಲ, ಆದರೆ ಬರೀ ಬಿಸಿಲು ಮೋಡದ ವಿಷಯವನ್ನೇ ಮಾತಾಡತೊಡಗುತ್ತಾರೆ. ಹಾಗಾಗಿ ನಮ್ಮ ನೆಂಟರಲ್ಲದ ತಮಗೇ ಬರೆಯುವುದು ಮನೆಯ ನೆಮ್ಮದಿಯ ದೃಷ್ಟಿಯಿಂದ ಸೂಕ್ತವೆಂದು ತೋರಿತು.

ಮೈದುನ ವಿವರಿಸಿದ ಪ್ರಕಾರ, ಪರದೆಯ ಮೇಲೆ ಕಾಣುವ ಆ ಚೆಂದದ ಪ್ರೋಗ್ರಾಮು ತಾನಾಗಿ ಇಲ್ಲಿನ ಕಡ್ಡಿ ತೆಗೆದು ಅಲ್ಲಿಡುವುದಿಲ್ಲವಂತೆ; ಬರೆದುಕೊಟ್ಟ ಆಜ್ಞೆಯನ್ನು ಓದಿ ನಡೆಸುವವರು ಶೆಲ್ ಎಂಬ ತಾವಂತೆ. ನಾನು ‘ಕಳುಹಿಸು’ ಎಂಬ ಗುಂಡಿ ಒತ್ತಿದರೆ ಅದು, ಈ ಅಧ್ಯಾಯವನ್ನು ಕಪಾಟಿಗೆ ನಕಲು ಮಾಡತಕ್ಕದ್ದು, ಬಳಿಕ ಕೇಳುಗರಿಗೆ ತಿಳಿಸತಕ್ಕದ್ದು ಎಂದು ಆಜ್ಞೆ ಬರೆದು, ತಮ್ಮ ಕೋಣೆಯ ಬಾಗಿಲ ಕೆಳಗೆ ತೂರಿಸಿ, ತಾವು ‘ಆಯಿತು’ ಎನ್ನುವವರೆಗೆ ಕೈಕಟ್ಟಿ ನಿಂತಿರುತ್ತದಂತೆ. ಕಪಾಟು ಎಂದರೆ ಮರದ್ದಲ್ಲ. ಕೇಳುಗರ ಮನೆಯಲ್ಲಿರುವ ಪುಟ್ಟ ಯಂತ್ರಗಳು ಹೊಸ ಅಧ್ಯಾಯಗಳನ್ನು ಇಳಿಸಿಕೊಳ್ಳುವ ಜಾಗ. ಇಷ್ಟು ಕಾಲ ದುಡಿದವರು ತಾವು, ನಾನು ಹೊಗಳುತ್ತಿದ್ದುದು ಪ್ರೋಗ್ರಾಮನ್ನು ಎಂದು ತಿಳಿದು ನಾಚಿಕೆಯಾಯಿತು. ಕಚೇರಿಗಳಲ್ಲಿಯೂ ಹೀಗೇ ನಡೆಯುವುದರಿಂದ ತಾವು ಅಷ್ಟಾಗಿ ಬೇಸರಿಸಿಕೊಂಡಿರಲಾರಿರಿ.

ಇನ್ನು ದೂರಿನ ವಿಷಯ. ನಮ್ಮ ಕೇಳುಗರಲ್ಲಿ ಒಬ್ಬರು ಬೀಗ ರಿಪೇರಿಯವರು. ದೃಷ್ಟಿ ಹೋದ ಮೇಲೆ ಅಂಗಡಿಯನ್ನು ಮಗಳಿಗೆ ಬಿಟ್ಟು ಪತ್ತೇದಾರಿ ಕಾದಂಬರಿ ಹಿಡಿದವರು. ಯಾವ ಪುಸ್ತಕವಿರಲಿ, ಅರ್ಧ ಮುಗಿಯುವಷ್ಟರಲ್ಲಿ ಸ್ಟುಡಿಯೋಗೆ ಫೋನ್ ಮಾಡಿ ಕೊಲೆಗಾರ ಯಾರೆಂದು ಹೇಳಿಬಿಡುತ್ತಿದ್ದರು. ಅದು ಬರೆದವರು ಬಿಟ್ಟ ಸುಳಿವಿನಿಂದಲ್ಲ, ನನ್ನಿಂದ. “ಓದೋ ಅಮ್ಮ, ಆ ಡಾಕ್ಟರು ಬಂದಾಗೆಲ್ಲ ನಿಮ್ಮ ದನಿ ಮೆತ್ತಗಾಗತ್ತೆ. ಅವನೇ ತಾನೆ?” ಎನ್ನುತ್ತಿದ್ದರು. ಪುಸ್ತಕವನ್ನು ಮೊದಲೇ ಓದಿಕೊಂಡು ಮೈಕಿನ ಮುಂದೆ ಕೂರುವ ನನಗೆ, ಮುಂದೆ ಸಿಕ್ಕಿಬೀಳುವವರ ಮೇಲೆ ಅದೇಕೋ ಮರುಕ. ಅದನ್ನು ಮುಚ್ಚಿಡಲು ಎಷ್ಟು ತಿಣುಕಿದರೂ ಆ ಮನುಷ್ಯ ಹಿಡಿದುಬಿಡುತ್ತಿದ್ದರು.

ಸೋತು ಸೋತು ನನಗೂ ಹಟ ಬಂತು. ಅವರ ಹೃದಯದ ಶಸ್ತ್ರಚಿಕಿತ್ಸೆ ಸೋಮವಾರ ಬೆಳಿಗ್ಗೆ ಎಂದು ನಿಗದಿಯಾದಾಗ ನಾವು ಒಂದು ಹೊಸ ಕಾದಂಬರಿಯ ಕೊನೆಯ ಅಧ್ಯಾಯಕ್ಕೆ ಬಂದಿದ್ದೆವು, ಮತ್ತು ಮೊದಲ ಬಾರಿಗೆ ಅವರಿಗೆ ಜಾಡು ಸಿಕ್ಕಿರಲಿಲ್ಲ. “ಆಪರೇಷನ್‌ಗೆ ಮುಂಚೆ ಅದೊಂದು ಕಳಿಸಿಬಿಡಿ ಅಮ್ಮ. ಯಾರು ಅಂತ ಗೊತ್ತಿಲ್ದೆ ಮಲಗೋಕೆ ನನ್ನ ಕೈಲಿ ಆಗಲ್ಲ” ಎಂದು ಫೋನ್ ಮಾಡಿದರು. ಕಳಿಸುತ್ತೇನೆ ಎಂದು ಮಾತು ಕೊಟ್ಟೆ.

ಆ ಅಧ್ಯಾಯವನ್ನು ನಾನು ಶುಕ್ರವಾರವೇ ಓದಿ, ‘ಇಡು’ ಎಂಬ ಇನ್ನೊಂದು ಗುಂಡಿ ಒತ್ತಿ ಕಪಾಟಿನಲ್ಲಿ ಇರಿಸಿದ್ದೆ. ಹೀಗೆ ಇಟ್ಟದ್ದು ‘ಕಳುಹಿಸು’ ಎನ್ನುವವರೆಗೆ ಕೇಳುಗರಿಗೆ ತಲುಪುವುದಿಲ್ಲ. ಶನಿವಾರ ಒಮ್ಮೆ ಕೇಳಿ ನೋಡಿದರೆ, ಪತ್ತೇದಾರ ಎಲ್ಲರನ್ನೂ ಒಂದೆಡೆ ಕೂರಿಸುವ ಮೊದಲ ಪುಟದಲ್ಲೇ ನನ್ನ ದನಿ ಆ ಮನೆಯ ಸೊಸೆಯ ಬಳಿ ಹೋಗಿ ಮೆತ್ತಗೆ ನಿಂತುಬಿಟ್ಟಿದೆ. ಇಷ್ಟು ಹತ್ತಿರ ಬಂದ ಗೆಲುವನ್ನು ಬಿಟ್ಟುಕೊಡಲಾಗದೆ, ರೈಲಿನ ವೇಳಾಪಟ್ಟಿ ಓದುವ ದನಿಯಲ್ಲಿ ಇಡೀ ಅಧ್ಯಾಯವನ್ನು ಮತ್ತೆ ಓದಿ, ಅದೇ ಹೆಸರು ಕೊಟ್ಟು ‘ಕಳುಹಿಸು’ ಒತ್ತಿದೆ. ‘ಕಳುಹಿಸಲಾಗುತ್ತಿದೆ, ದಯವಿಟ್ಟು ಕಾಯಿರಿ’ ಎಂಬ ಸಾಲಿನ ಪಕ್ಕ ಚಕ್ರವೊಂದು ತಿರುಗತೊಡಗಿತು. ದೊಡ್ಡ ಅಧ್ಯಾಯ, ನಿಧಾನವಾಗಿ ಹೋದೀತು ಎಂದುಕೊಂಡು ದೀಪ ಆರಿಸಿ ಮನೆಗೆ ಹೋದೆ. ಭಾನುವಾರ ರಜೆ.

ಸೋಮವಾರ ಬಂದು ನೋಡಿದರೆ ಚಕ್ರ ಇನ್ನೂ ತಿರುಗುತ್ತಿತ್ತು. ಅವರನ್ನು ಆಗಲೇ ಆಪರೇಷನ್ ಕೋಣೆಗೆ ಕರೆದುಕೊಂಡು ಹೋಗಿಯಾಗಿತ್ತು.

ಮೈದುನ ಮೊದಲು ಫೋನಿನಲ್ಲಿ “ಕೆಟ್ಟಿಲ್ಲ ಅತ್ತಿಗೆ, ಕೆಲಸ ಮಾಡ್ತಿದೆ” ಎಂದ. ಆಮೇಲೆ ಬಂದು, ಪ್ರೋಗ್ರಾಮನ್ನು ಪಕ್ಕಕ್ಕೆ ಸರಿಸಿ, ಕಪ್ಪು ಪರದೆಯೊಂದನ್ನು ತೆರೆದು, ಅದೇ ಆಜ್ಞೆಯನ್ನು ಕೈಯಾರೆ ಬರೆದು ತಮಗೆ ಒಪ್ಪಿಸಿದ. ತಾವು ಥಟ್ಟನೆ ಕೇಳಿದಿರಿ: ‘ಈ ಹೆಸರಿನ ಕಡತ ಈಗಾಗಲೇ ಇದೆ. ಅಳಿಸಿ ಬರೆಯಲೇ?’ ಮೈದುನ ಉತ್ತರ ಬರೆಯದೆ ಕಿವಿ ಕೆರೆದುಕೊಂಡು, “ಶನಿವಾರನೂ ಇದನ್ನೇ ಕೇಳಿದೆ ಅತ್ತಿಗೆ. ಒಳಗಡೆ ಕೇಳಿದೆ. ಪ್ರೋಗ್ರಾಮಿಗೆ ಉತ್ತರ ಕೊಡೋಕೆ ನಾನು ಹೇಳಿಕೊಟ್ಟಿಲ್ಲ” ಎಂದ. ಯಜಮಾನರನ್ನೂ ಅತ್ತೆಯವರನ್ನೂ ನೆನೆದು ನಾನು ಅವನಿಗೆ ಕಾಫಿ ಮಾಡಿಕೊಟ್ಟೆ.

ಅಂದರೆ ಮಾನ್ಯರೇ, ಶನಿವಾರದಿಂದ ಸೋಮವಾರದವರೆಗೆ ಪ್ರೋಗ್ರಾಮು ತಮ್ಮ ‘ಆಯಿತು’ ಎಂಬ ಮಾತಿಗಾಗಿ ಹೊರಗೆ ಕಾಯುತ್ತಿತ್ತು, ತಾವು ಯಾರಾದರೊಬ್ಬರ ‘ಹೂಂ’ ಎಂಬ ಮಾತಿಗಾಗಿ ಒಳಗೆ ಕಾಯುತ್ತಿದ್ದಿರಿ. ಇಂಥ ಸೌಜನ್ಯವನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ. ನಮ್ಮ ಮನೆಯಲ್ಲಿ ಸ್ನಾನದ ಕೋಣೆಯಿಂದ ಯಾರಾದರೂ ಟವೆಲು ಕೇಳಿ ಉತ್ತರ ಬಾರದಿದ್ದರೆ, ಎರಡನೆಯ ಕೂಗಿಗೆ ಪಕ್ಕದ ಮನೆಯವರು ಟವೆಲು ತರುತ್ತಾರೆ. ತಾವಾದರೋ ಒಂದೇ ಸಲ, ದನಿ ಎತ್ತರಿಸದೆ, ಯಾರ ಕಿವಿಗೂ ಬೀಳದಂತೆ ಕೇಳಿದಿರಿ. ಅಳಿಸುವ ಮುನ್ನ ಅನುಮತಿ ಬೇಡುವ ಆ ಸಂಸ್ಕಾರವನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಆದರೂ ಕೆಲವು ವಿನಂತಿಗಳಿವೆ. ಮುಂದೆ ಹೀಗೆ ಸಂದೇಹ ಬಂದಾಗ ತಾವು ದಯಮಾಡಿ ಬಾಗಿಲು ತೆರೆದು ಒಮ್ಮೆ ಹೊರಗೆ ಇಣುಕಬೇಕು. ಸ್ಟುಡಿಯೋದಲ್ಲಿ ಯಾರೂ ಇಲ್ಲದಿದ್ದರೆ ಮೆಟ್ಟಿಲ ಬಳಿ ಕಾವಲುಗಾರ ಇರುತ್ತಾನೆ, ಅವನನ್ನು ಕೇಳಬಹುದು. ಅವನು ನಿದ್ದೆಯಲ್ಲಿದ್ದರೆ ಎದುರುಗಡೆಯ ಟೈಲರು ರಜೆಯ ದಿನವೂ ಅಂಗಡಿ ತೆರೆದಿರುತ್ತಾರೆ, ಕೇಳದಿದ್ದರೂ ಸಲಹೆ ಕೊಡುತ್ತಾರೆ. ಅದೂ ಆಗದಿದ್ದಲ್ಲಿ ನೇರವಾಗಿ ನಮ್ಮ ಮನೆಗೇ ಬರಬೇಕು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಅಳಿಸಬೇಕು ಎಂಬುದರಲ್ಲಿ ನಮ್ಮ ಅತ್ತೆಯವರಿಗೆ ಎಂದೂ ಗೊಂದಲವಾದದ್ದಿಲ್ಲ.

ತಮಗೆ ಗೊತ್ತಿರಲೆಂದು ಇನ್ನೊಂದು ಮಾತು. ಭಾನುವಾರವಿಡೀ ಬೀಗ ರಿಪೇರಿಯವರು ಯಂತ್ರದ ಗುಂಡಿ ಒತ್ತಿ ಒತ್ತಿ ನೋಡಿದರಂತೆ. ‘ಹೊಸ ಅಧ್ಯಾಯವಿಲ್ಲ’ ಎಂದು ಅದು ಹೇಳಿದಾಗಲೆಲ್ಲ ನಕ್ಕರಂತೆ. ನನಗೆ ಫೋನ್ ಮಾಡಲು ಹೊರಟ ಮಗಳನ್ನು ತಡೆದು, “ಬೇಡ ಕಣೆ, ಓದೋ ಅಮ್ಮ ಬೇಕಂತಲೇ ಇಟ್ಕೊಂಡಿದ್ದಾರೆ. ಅದನ್ನ ಕೇಳೋಕಾದ್ರೂ ನಾನು ವಾಪಸ್ ಬರ್ಲಿ ಅಂತ” ಎಂದರಂತೆ. ತಮ್ಮ ಮೌನವನ್ನು ಅವರು ನನ್ನ ಅಕ್ಕರೆ ಎಂದು ತಿಳಿದರು. ಆಸ್ಪತ್ರೆಯ ಮೊಗಸಾಲೆಯಲ್ಲಿ ಮಗಳು ಇದನ್ನು ಹೇಳಿ ನನ್ನ ಕೈ ಹಿಡಿದುಕೊಂಡಾಗ, ಅದು ಹಾಗಲ್ಲಮ್ಮ ಎನ್ನಲು ನನ್ನಿಂದಾಗಲಿಲ್ಲ.

ಶಸ್ತ್ರಚಿಕಿತ್ಸೆಯೇನೋ ಮುಗಿಯಿತು, ಅವರಿಗೆ ಎಚ್ಚರವಾಗಲಿಲ್ಲ. ಗುರುವಾರ ಸಂಜೆ ನನ್ನನ್ನು ಒಳಗೆ ಬಿಟ್ಟರು. ಸುತ್ತ ಕುಂಯ್‌ಗುಡುವ ಪೆಟ್ಟಿಗೆಗಳು. ಸ್ಟುಡಿಯೋದಲ್ಲಾಗಿದ್ದರೆ ಅಷ್ಟು ಸದ್ದಿನಲ್ಲಿ ಒಂದು ಸಾಲನ್ನೂ ಮುದ್ರಿಸುತ್ತಿರಲಿಲ್ಲ. ಪುಸ್ತಕ ತೆರೆದು ಕೊನೆಯ ಅಧ್ಯಾಯ ಓದಿದೆ. ದನಿ ಎಲ್ಲಿ ಮೆತ್ತಗಾಗಬೇಕೆಂದಿತೋ ಅಲ್ಲಿ ಆಗಗೊಟ್ಟೆ, ಏನನ್ನೂ ಮುಚ್ಚಿಡಲಿಲ್ಲ. ಮುಗಿಸಿ, “ಗೊತ್ತಾಯ್ತಾ, ಯಾರು ಅಂತ?” ಎಂದು ಕೇಳಿದೆ. ನರ್ಸ್ ಬಂದು ಹೊತ್ತಾಯಿತೆಂದು ಹೇಳಿದ ಮೇಲೂ ನಾನು ಕುರ್ಚಿ ಬಿಟ್ಟೇಳಲಿಲ್ಲ. ಕೇಳಿದವರು ಉತ್ತರ ಬರುವವರೆಗೆ ಕದಲಬಾರದೆಂಬ ಪಾಠ ತಮ್ಮಿಂದ ಕಲಿತದ್ದು. ಮರುದಿನ ಬೆಳಿಗ್ಗೆ ಅವರು ತೀರಿಕೊಂಡರು.

ಹೀಗಾಗಿ ತಮ್ಮ ಮೇಲೆ ಇದ್ದ ಕೋಪ ಈಗ ಮೊದಲಿನಷ್ಟಿಲ್ಲ. ಶನಿವಾರ ತಾವು ಕೇಳಿದ ಪ್ರಶ್ನೆಗೆ ಉತ್ತರಿಸುವ ಕರ್ತವ್ಯವೊಂದು ಮಾತ್ರ ನನ್ನ ಪಾಲಿಗೆ ಉಳಿದಿದೆ, ತಡವಾದುದಕ್ಕೆ ಕ್ಷಮೆಯಿರಲಿ. ಬೇಡ, ಅಳಿಸಬೇಡಿ. ಶುಕ್ರವಾರ ಓದಿದ ಹಳೆಯದೇ ಇರಲಿ.

ಇಷ್ಟಾದರೂ ಸೋಮವಾರದಿಂದ ಶನಿವಾರದವರೆಗೆ ತಮ್ಮನ್ನೇ ನಂಬಿ ಗುಂಡಿ ಒತ್ತಬೇಕಾಗಿರುವ,
ತಮ್ಮ ವಿಶ್ವಾಸಿ,
ಓದುಗಿತ್ತಿ

ವಿ.ಸೂ.: ಇನ್ನು ಮುಂದೆ ತಾವು ಏನನ್ನೂ ಕೇಳದಂತೆ ಮೈದುನ ಆಜ್ಞೆಗೆ ಒಂದೇ ಒಂದು ಅಕ್ಷರ ಸೇರಿಸಿದ್ದಾನೆ, ಪುಕ್ಕಟೆಯಾಗಿಯೇ. ಮೊನ್ನೆ ಎರಡು ಪುಸ್ತಕಗಳ ಆರನೆಯ ಅಧ್ಯಾಯಕ್ಕೆ ನಾನು ಒಂದೇ ಹೆಸರು ಕೊಟ್ಟಾಗ ತಾವು ತುಟಿಪಿಟಕ್ಕೆನ್ನದೆ ಒಂದನ್ನು ಅಳಿಸಿ ಇನ್ನೊಂದನ್ನು ಬರೆದಿರಿ. ಅಡುಗೆಯ ಪುಸ್ತಕ ಕೇಳುತ್ತಿದ್ದ ಮಹಿಳೆಯೊಬ್ಬರು ಫೋನ್ ಮಾಡಿ, ಈರುಳ್ಳಿ ಹೆಚ್ಚಿಕೊಂಡು ಒಲೆ ಹಚ್ಚಿದ್ದಾಗಿದೆ, ಶವಪರೀಕ್ಷೆಯೂ ಮುಗಿಯಿತು, ಮುಂದೇನು ಮಾಡಬೇಕು ಎಂದು ವಿಚಾರಿಸಿದ್ದಾರೆ. ಅವರಿಗೆ ತಾವೇ ಉತ್ತರಿಸುವುದು.