ಒಂದನೇ ಪಾಠದ ಪ್ಯಾಕೇಜು

ಅರ್ಥವಾಗದ ಪ್ರಶ್ನೆಗೆ ‘ಹೂಂ’ ಎಂದುಬಿಡುವುದು ನನ್ನ ಹಳೆಯ ಚಾಳಿ. ರೈಲ್ವೆ ಕೆಲಸಕ್ಕೆಂದು ಮದರಾಸಿಗೆ ಬಂದ ಹೊಸತರಲ್ಲಿ ತರಕಾರಿಯವಳು ತಮಿಳಿನಲ್ಲಿ ಏನೋ ಕೇಳಿದಳು. ಹೂಂ ಎಂದು ಮೂರು ಕಿಲೋ ಹಾಗಲಕಾಯಿ ಹೊತ್ತು ಬಂದೆ. ಕಂಪ್ಯೂಟರಿಗೆ ಹೂಂ ಎಂದರೆ ಏನಾಗುತ್ತದೆಂದು ತಿಳಿದದ್ದು ಮಾತ್ರ ಹದಿನೈದು ವರ್ಷಗಳ ನಂತರ, ಪಲ್ಲಾವರಂ ಮನೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ.

ಪ್ರೋಗ್ರಾಮಿಂಗ್ ಕಲಿಯುವ ಹುಕಿ ಹತ್ತಿ ಪ್ಯಾರೀಸ್ ಕಾರ್ನರ್‌ನ ಫುಟ್‌ಪಾತಿನಿಂದ ಒಂದು ಪುಸ್ತಕ ತಂದಿದ್ದೆ. ಮೊದಲ ಪುಟದಲ್ಲೇ, ಕೈತೊಳೆದುಕೊಂಡು ಊಟಕ್ಕೆ ಬನ್ನಿ ಎನ್ನುವಷ್ಟು ಸಲೀಸಾಗಿ, ‘ಈ ಪ್ಯಾಕೇಜನ್ನು ಇನ್‌ಸ್ಟಾಲ್ ಮಾಡಿಕೊಳ್ಳಿ’ ಎಂದು ಬರೆದಿತ್ತು. ಬೇರೆಯವರು ಬರೆದಿಟ್ಟ ಪ್ರೋಗ್ರಾಮುಗಳ ಕಟ್ಟಂತೆ ಅದು. ಎಲ್ಲಿಂದ ತರಬೇಕು, ಯಾರು ಮಾಡಿದ್ದು, ಒಂದಕ್ಷರವಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಅದೇ ಹೆಸರಿನವು ಐದು ಸಿಕ್ಕವು. ಯಾವುದು ಅಸಲಿ ಎಂದು ತಿಳಿಯದೆ, ಹಸಿರು ಗುಂಡಿ ದೊಡ್ಡದಾಗಿದ್ದುದನ್ನೇ ಆರಿಸಿಕೊಂಡೆ. ಪರದೆ ಏನೇನೋ ಕೇಳಿತು. ಕೇಳಿದ್ದಕ್ಕೆಲ್ಲ ಹೂಂ ಎಂದೆ.

ಹತ್ತು ನಿಮಿಷದಲ್ಲಿ ಪರದೆಯ ತುಂಬ ಜಾಹೀರಾತು. ಒಂದನ್ನು ಮುಚ್ಚಿದರೆ ನಾಲ್ಕು ತೆರೆದುಕೊಂಡವು. ಆಮೇಲೆ ಕಂಪ್ಯೂಟರು ಉಸಿರೇ ಎತ್ತಲಿಲ್ಲ. ಆಗ ಅಡುಗೆಮನೆಯಿಂದ ಹೆಂಡತಿ ಶಾರದೆ ಕೂಗಿದಳು: “ರೀ, ನನ್ನ ಕೊಶ್ಚನ್ ಪೇಪರ್ ಹುಷಾರು. ನಾಳೆ ಹೆಡ್‌ಮಿಸ್ಟ್ರೆಸ್‌ಗೆ ಕೊಡ್ಬೇಕು!” ಅವಳು ಶಾಲೆಯಲ್ಲಿ ವಿಜ್ಞಾನದ ಟೀಚರು. ಹತ್ತನೇ ಕ್ಲಾಸಿನ ಪ್ರಶ್ನೆಪತ್ರಿಕೆಯನ್ನು ವಾರವಿಡೀ ಇದೇ ಕಂಪ್ಯೂಟರಿನ ಮುಂದೆ ಕೂತು ಟೈಪ್ ಮಾಡಿದ್ದಳು.

ಎಂಟನೇ ಕ್ಲಾಸಿನ ಮಗಳು ಬಂದು ನೋಡಿ, “ಎನ್ನಪ್ಪಾ, ಎದು ಕೇಟ್ಟಾಲುಂ ಓಕೆ ಕುಡುತ್ತೀಂಗಳಾ?” ಎಂದಳು. ಏನು ಕೇಳಿದರೂ ಓಕೆ ಕೊಟ್ಟಿರಾ ಎಂದು ಅವಳ ಪ್ರಶ್ನೆ. ಅದಕ್ಕೂ ಹೂಂ ಎಂದೆ. ಅವಳೇ ಓಡಿಹೋಗಿ ಮೇಲಿನ ಮನೆಯ ಸಾಫ್ಟ್‌ವೇರ್ ಇಂಜಿನಿಯರು, ಮೈಸೂರಿನ ಮೂರ್ತಿಯನ್ನು ಕರೆತಂದಳು.

“ಅಡ್ಮಿನ್ ಆಗೇ ಕೂತ್ಕೊಂಡು ಹಾಕಿದ್ರಾ ಸಾರ್?”

“ಅಡ್ಮಿನ್ ಅಂದ್ರೆ?”

“ಈ ಕಂಪ್ಯೂಟರಿಗೆ ಯಜಮಾನ.”

“ಈ ಮನೇಲಿ ಯಾವುದಕ್ಕೂ ನಾನು ಯಜಮಾನ ಅಲ್ಲಪ್ಪಾ.”

ಮೂರ್ತಿ ನಗಲಿಲ್ಲ. “ಮಾಡಿದೋರ ಸ್ವಂತ ಸೈಟಿಂದಾನೇ ತಗೋಬೇಕು ಸಾರ್. ಹೆಸರು ಅಕ್ಷರ ಅಕ್ಷರ ನೋಡ್ಬೇಕು. ಅದಕ್ಕೂ ಮುಂಚೆ ಬೇಕಾದ ಫೈಲೆಲ್ಲ ಒಂದು ಸೀಡೀಲಿ ಕಾಪಿ ಮಾಡಿ ಇಟ್ಕೋಬೇಕು. ನಿಮ್ಮ ಪುಸ್ತಕದೋರು ಇದನ್ನೇ ಮೊದಲು ಬರೀಬೇಕಿತ್ತು” ಎಂದ. ಎರಡು ಗಂಟೆ ಒದ್ದಾಡಿ ಕೊನೆಗೆ ಬೇರೆ ದಾರಿಯಿಲ್ಲದೆ ಕಂಪ್ಯೂಟರಿನಲ್ಲಿದ್ದ ಎಲ್ಲವನ್ನೂ ಅಳಿಸಿದ. ಪ್ರಶ್ನೆಪತ್ರಿಕೆಯೂ ಹೋಯಿತು.

ಶಾರದೆ ಹಾಳೆ ತಂದು ನನ್ನ ಮುಂದಿಟ್ಟು, ನೆನಪಿನಿಂದ ಒಂದೊಂದೇ ಪ್ರಶ್ನೆ ಹೇಳತೊಡಗಿದಳು. ನಾನು ಬರೆದೆ. ಬೆಳಕಿನ ವಕ್ರೀಭವನ ಎಂದರೇನು ಎಂದು ಬರೆಯುತ್ತ, ಅದರ ಉತ್ತರವೂ ನನಗೆ ಗೊತ್ತಿಲ್ಲವೆಂದು ಅರಿವಾಯಿತು.

ಅಷ್ಟರಲ್ಲಿ ಪುಸ್ತಕ ತಿರುವಿ ಹಾಕುತ್ತಿದ್ದ ಮೂರ್ತಿ ಕೇಳಿದ: “ಸಾರ್, ಮೊದಲನೇ ಪಾಠ ಪರದೆ ಮೇಲೆ ‘ನಮಸ್ಕಾರ’ ಅಂತ ಬರೆಸೋದು ತಾನೆ? ಅದಕ್ಕೆ ಈ ಪ್ಯಾಕೇಜ್ ಬೇಕೇ ಇರ್ಲಿಲ್ಲ. ಇದು ಬರೋದು ಹದಿನೆಂಟನೇ ಪಾಠಕ್ಕೆ.”

ಶಾರದೆ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಬಗ್ಗಿ ಮುಂದಿನ ಪ್ರಶ್ನೆಯ ಸಂಖ್ಯೆ ಹಾಕಿದೆ. ಹದಿನೆಂಟನೇ ಪಾಠಕ್ಕೆ ನಾನು ಇಂದಿಗೂ ತಲುಪಿಲ್ಲ.