ಬೀಗರ ಅಂಗಡಿಯ ಕಳೆದ ಕೀ

ಊರಿಗೆಲ್ಲ ಬೀಗರನ್ನು ಹುಡುಕಿಕೊಡುವ ನಮ್ಮ ಅಂಗಡಿಯಲ್ಲೇ ಕೀ ಕಳೆದುಹೋಯಿತು ಎಂದರೆ ನೀವು ನಗುತ್ತೀರಿ. ನಗಿ. ನನ್ನ ಹೆಂಡತಿ ಹೇಮಶ್ರೀಯೂ ನಕ್ಕಿದ್ದರೆ ನನಗೆಷ್ಟೋ ಸಮಾಧಾನವಾಗುತ್ತಿತ್ತು.

ತುಮಕೂರಿನ ಶಿರಾ ಗೇಟ್ ಬಳಿ ನಮ್ಮಿಬ್ಬರದೊಂದು ವಧೂವರರ ಕೇಂದ್ರ. ಗಂಡುಹೆಣ್ಣುಗಳ ಪ್ರವರವೆಲ್ಲ ಹೇಮಶ್ರೀಯ ತಲೆಯಲ್ಲಿತ್ತು. ಅದು ಓಬೀರಾಯನ ಕಾಲದ ಪದ್ಧತಿಯೆಂದು ಮಹಾಜ್ಞಾನಿಯಾದ ನಾನು ಎಲ್ಲರನ್ನೂ ಡೇಟಾಬೇಸಿಗೆ ಹಾಕಿದೆ. ಒಬ್ಬೊಬ್ಬರಿಗೂ ಒಂದೊಂದು ನಂಬರು, ಒಬ್ಬರದು ಇನ್ನೊಬ್ಬರಿಗಿಲ್ಲ. ಅದಕ್ಕೇ ಪ್ರೈಮರಿ ಕೀ ಅನ್ನುತ್ತಾರೆ. ಹೋದ ವಾರ ಹೊಸ ಕಂಪ್ಯೂಟರು ತಂದು, ಹಳೆಯದರ ಬ್ಯಾಕಪ್ಪನ್ನು ಅದರೊಳಕ್ಕೆ ಇಳಿಸಿದೆ. ಜನವೆಲ್ಲ ಬಂದರು, ಕೀ ಮಾತ್ರ ಬರಲಿಲ್ಲ. (ಬ್ಯಾಕಪ್ ತೆಗೆಯುವಾಗ ಅದಕ್ಕೆ ಟಿಕ್ ಹಾಕದಿದ್ದವನು ಯಾರೆಂದು ಕೇಳಬೇಡಿ.) ಬಂತೋ ಇಲ್ಲವೋ ಎಂಬ ಅನುಮಾನಕ್ಕೆ ಇನ್ನೊಮ್ಮೆ ಒತ್ತಿದೆ. ಒಬ್ಬರೇ ಎರಡು ಸಲ ಬರದಂತೆ ತಡೆಯಲು ಕೀ ಇಲ್ಲವಲ್ಲ, ನಾನೂರು ಜನ ಎಂಟುನೂರಾದರು.

ಒಂದೇ ಹೆಸರಿನವರಿದ್ದರೆ ಒಬ್ಬರನ್ನುಳಿಸಿ ಮಿಕ್ಕವರನ್ನು ಅಳಿಸು ಎಂದು ಯಂತ್ರಕ್ಕೆ ಅಪ್ಪಣೆ ಕೊಟ್ಟೆ. ನಮ್ಮ ಸೀಮೆಯಲ್ಲಿ ಮನೆದೇವರ ಹೆಸರನ್ನು ಮನೆಗೊಬ್ಬರಿಗೆ ಇಡುತ್ತಾರೆಂಬುದು ಆ ಗಳಿಗೆಯಲ್ಲಿ ಮರೆತಿತ್ತು. ಗುಬ್ಬಿಯಿಂದ ಕುಣಿಗಲ್‌ವರೆಗಿನ ಏಳು ಮಂದಿ ಮೂಡಲಗಿರಿಯಪ್ಪಂದಿರು ಒಂದೇ ಏಟಿಗೆ ಏಕಮೇವಾದ್ವಿತೀಯರಾದರು.

ಬೆಳ್ಳಾವಿಯ ರಾಮಾಂಜಿನಯ್ಯನವರು ಮಗಳು ಸಂಧ್ಯಾಳಿಗೆ ಒಪ್ಪಿಕೊಂಡಿದ್ದು ಕುಣಿಗಲ್‌ನ ಮೇಷ್ಟರು ಮೂಡಲಗಿರಿಯಪ್ಪನನ್ನು. ಮನೆ ನೋಡಿಬರಲು ವಿಳಾಸ ಕೇಳಿದರು. ಕಂಪ್ಯೂಟರು ಉಳಿಸಿಕೊಂಡಿದ್ದ ವಿಳಾಸ ಕಳಿಸಿದೆ. ಅವರು ನೆಂಟರನ್ನೆಲ್ಲ ಕಟ್ಟಿಕೊಂಡು ಸಿ.ಎಸ್. ಪುರಕ್ಕೆ ಹೋಗಿ, ಎರಡನೇ ಸಂಬಂಧಕ್ಕೆ ಕಾದಿದ್ದ ಐವತ್ತೆಂಟರ ವರನ ಮನೆಯಲ್ಲಿ ಕಾಫಿ ಕುಡಿದು ಬಂದರು. ವರನಿಗೆ ಎಲ್ಲ ಒಪ್ಪಿಗೆಯಾಗಿತ್ತಂತೆ. ರಾಮಾಂಜಿನಯ್ಯನವರು ಮಾತ್ರ ನಿಮ್ಮ ಸಹವಾಸವೂ ಬೇಡ, ಆ ಮೇಷ್ಟರೂ ಬೇಡ ಎಂದು ಹೇಳಿ ಕಳಿಸಿದರು.

"ಏಳು ಜನಾನೂ ಒಬ್ನೇ ಅಂದ್ಕಂಡ್ರಾ?" ಎಂದಳು ಹೇಮಶ್ರೀ.

"ಹೆಸ್ರು ಒಂದೇ ಇತ್ತಲ್ಲೇ."

"ಹೆಸ್ರು ಕಟ್ಕಂಡು ಏನ್ರೀ ಮಾಡ್ತೀರ? ಮೇಷ್ಟ್ರು ಹುಣಸೇಮರದ ಮನೆಯೋರ ಪೈಕಿ. ಸಿ.ಎಸ್. ಪುರದೋರು ಪಟೇಲರ ಅಳಿಯ. ಯಾರ ಪೈಕಿ ಅಂತ ಕೇಳ್ದೆ ಬರ್ಕಂಡ್ರೆ ಹಿಂಗೇ ಆಗೋದು."

ಇಂಥ ಅವೈಜ್ಞಾನಿಕ ಮಾತಿಗೆ ಉತ್ತರ ಕೊಡುವುದು ನನ್ನ ಘನತೆಗೆ ಕಡಿಮೆಯೆಂದು ಕೀಬೋರ್ಡಿನ ಧೂಳು ಒರೆಸತೊಡಗಿದೆ. ಸಂಬಂಧ ಉಳಿಯಬೇಕಾದರೆ ತಪ್ಪು ಮಾಡಿದವರೇ ಕ್ಷಮೆ ಕೇಳಬೇಕೆಂದು ಅವಳು ಫೋನನ್ನು ನನ್ನ ಕೈಗಿಟ್ಟಳು.

"ನಮಸ್ಕಾರ, ನಾನು ರಂಗನಾಥ್."

"ಯಾವ್ ರಂಗನಾಥ?" ಎಂದರು ರಾಮಾಂಜಿನಯ್ಯ.

ಕೇಂದ್ರದ ಮಾಲೀಕ ಎಂದೆ. ಗುರುತು ಹತ್ತಲಿಲ್ಲ. ಬಿ.ಕಾಂ. ಪದವೀಧರ ಎಂದೆ, ಕಂಪ್ಯೂಟರ್ ಡಿಪ್ಲೊಮಾವನ್ನೂ ಸೇರಿಸಿದೆ. ಅವರು ಇನ್ನೇನು ಫೋನಿಡುವುದರಲ್ಲಿದ್ದರು.

"ಹೇಮಶ್ರೀ ಗಂಡ ಕಣ್ರೀ" ಎಂದೆ.

"ಹಂಗ್ ಹೇಳ್ಬಾರ್ದಾ ಮತ್ತೆ. ಫೋನು ಆಯಮ್ಮನ ಕೈಗೆ ಕೊಡಿ."

ಕೊಟ್ಟೆ. ಎರಡೇ ನಿಮಿಷದಲ್ಲಿ ಸಂಬಂಧ ಉಳಿಯಿತು. ಸಂಜೆಯೊಳಗೆ ಅಳಿಸಿಹೋಗಿದ್ದ ಆರು ಮೂಡಲಗಿರಿಯಪ್ಪಂದಿರೂ ಡೇಟಾಬೇಸಿಗೆ ವಾಪಸಾದರು. ಹೇಮಶ್ರೀ ಹೇಳುತ್ತಾ ಹೋದಳು, ಹೇಮಶ್ರೀ ಗಂಡ ಟೈಪು ಮಾಡುತ್ತಾ ಹೋದ.